ಗೋಡೆಯಾಚೆಯ ಕಿವಿ

ಲವೆಲ್ ಕ್ವಾರ್ಲ್ಸ್‌ನ ಹಾಡುಗಳು ಎಲ್ಲಿ ಹುಟ್ಟಿದವು ಎಂದು ಕೇಳಿದರೆ ಓದಿದವರು ಚರ್ಚಿನಲ್ಲಿ ಅನ್ನುತ್ತಾರೆ, ಹತ್ತಿಹೊಲದಲ್ಲಿ ಅನ್ನುತ್ತಾರೆ, ಇನ್ನೂ ಹೆಚ್ಚು ಓದಿದವರು ಯಾಜೂ ನದಿಯ ದಂಡೆಯಲ್ಲಿ ಅನ್ನುತ್ತಾರೆ. ನದಿಗೇನು, ಯಾರು ಏನು ಹೊರಿಸಿದರೂ ಹೊತ್ತುಕೊಂಡು ಹೋಗುತ್ತದೆ. ಆ ಹಾಡುಗಳು ಹುಟ್ಟಿದ್ದು ನನ್ನ ಬ್ಯೂಟಿ ಪಾರ್ಲರಿನಲ್ಲಿ, ತಲೆಯ ಮೇಲೆ ಟೋಪಿಯ ಹಾಗೆ ಇಳಿಯುವ ಮೂರು ದೊಡ್ಡ ಡ್ರೈಯರುಗಳ ಕೆಳಗೆ. ನಾನು ಅರ್ಲೀನ್ ಸ್ಟೋವಲ್. ಅರವತ್ತು ವರ್ಷ ಹಾರ್ಲೋ ಬೆಂಡ್ ಊರಿನ ಹೆಂಗಸರ ತಲೆ ನನ್ನ ಕೈಯಲ್ಲಿತ್ತು. ತಲೆಯೊಳಗೆ ಇದ್ದದ್ದೂ ಬಹುಪಾಲು ನನ್ನ ಹತ್ತಿರವೇ ಇತ್ತು.

ಡ್ರೈಯರ್ ಕೆಳಗೆ ಕೂತವಳಿಗೆ ತನ್ನ ದನಿ ತನಗೇ ಕೇಳುವುದಿಲ್ಲ. ಕಿವಿಯ ಸುತ್ತ ಬಿಸಿಗಾಳಿ ಭೋರೆನ್ನುತ್ತಿರುತ್ತದೆ. ಗುಟ್ಟು ಹೇಳುತ್ತಿದ್ದೇನೆ ಅಂದುಕೊಂಡು ಕೂಗುತ್ತಾಳೆ. ಜುಲೈ ಮಧ್ಯಾಹ್ನಗಳಲ್ಲಿ, ಹೊರಗೆ ರಸ್ತೆ ಬಿಸಿಲಿಗೆ ನಡುಗುತ್ತಿರುವಾಗ, ಒಳಗೆ ಎಣ್ಣೆಯ ಘಮ, ಕೂದಲು ನೇರಮಾಡಲು ಕಾಯಿಸಿದ ಬಾಚಣಿಗೆಯ ಹೊಗೆ, ಮೂರು ಡ್ರೈಯರುಗಳ ಒಂದೇ ಸಮನೆಯ ಗುಂಯ್‌ಗುಡುವಿಕೆ. ಆ ಸದ್ದಿನೊಳಗಿನಿಂದ ಮಾತುಗಳು ತೇಲಿ ಬರುತ್ತಿದ್ದವು. ಹೇಳುವವಳು ಎಚ್ಚರದಲ್ಲಿದ್ದಾಳೋ ನಿದ್ದೆಗಣ್ಣಿನಲ್ಲಿದ್ದಾಳೋ ನನಗೆಷ್ಟೋ ಸಲ ತಿಳಿಯುತ್ತಿರಲಿಲ್ಲ. ನನ್ನ ಅಮ್ಮ ಈ ಪಾರ್ಲರನ್ನು ನನಗೆ ಬಿಟ್ಟುಕೊಡುವಾಗ ಒಂದೇ ಕಟ್ಟಳೆ ಹಾಕಿದ್ದಳು: ಡ್ರೈಯರ್ ಕೆಳಗಿನ ಮಾತು ಬಾಗಿಲು ದಾಟಬಾರದು. ಗೋಡೆಯ ವಿಚಾರ ಅಮ್ಮನಿಗೂ ಹೊಳೆದಿರಲಿಲ್ಲ.

ಗೋಡೆಯ ಆಚೆ ಇದ್ದವನು ಲವೆಲ್. ಅವನ ಕಿವಿ ಚಿಕ್ಕಂದಿನಿಂದ ಊರಿನ ಬಾಯಲ್ಲಿತ್ತು. ಅಂಗಳದಲ್ಲಿ ಕಾರಿನ ಬಾಗಿಲು ಬಡಿದ ಸದ್ದಿಗೇ ಬಂದವರು ಯಾರೆಂದು ಹೇಳುತ್ತಿದ್ದ. ಒಂಬತ್ತಕ್ಕೆ ಮೌಂಟ್ ಪಿಸ್ಗಾ ಚರ್ಚಿನಲ್ಲಿ ಪಿಯಾನೋ ಮುಂದೆ ಕೂತ. ಹತ್ತೊಂಬತ್ತಕ್ಕೆ ಶನಿವಾರದ ಕ್ಲಬ್ಬುಗಳಲ್ಲೂ ಹಾಡುತ್ತಾನೆಂಬ ಸುದ್ದಿ ಹಬ್ಬಿತು. ಹಿರಿಯರು ಕರೆಸಿ, ದೇವರಿಗೂ ಸೈತಾನನಿಗೂ ಒಂದೇ ಕೈಯಲ್ಲಿ ಬಾರಿಸಬೇಡ ಅಂದರು. ಅವನು ಪಿಯಾನೋದ ಮುಚ್ಚಳ ಮೆಲ್ಲಗೆ ಇಳಿಸಿ ಎದ್ದು ಹೋದ. ಆಮೇಲೆ ಹದಿಮೂರು ವರ್ಷ ಶ್ರೀವ್‌ಪೋರ್ಟಿನಿಂದ ಮೊಬೀಲ್‌ವರೆಗೆ ಹಳೇ ಬಸ್ಸಿನಲ್ಲಿ ಅಲೆದ. ಎರಡು ಸಣ್ಣ ರೆಕಾರ್ಡ್ ಹಾಡಿದ. ಅವನ್ನು ಕೊಂಡವರಿಗಿಂತ ಕೇಳಿದ್ದೇವೆ ಎಂದು ಸುಳ್ಳು ಹೇಳುವವರೇ ಈಗ ಜಾಸ್ತಿ.

ಎಂಬತ್ತನಾಲ್ಕರಲ್ಲಿ ಊರಿಗೆ ಮರಳಿದವನು ಒಂದು ಕೋಣೆ ಬೇಕೆಂದು ಬಂದ. ನನ್ನ ಯಜಮಾನರು ಪಾರ್ಲರಿನ ಹಿಂಗೋಡೆಗೆ ಒತ್ತಿಕೊಂಡು ಕಟ್ಟಿದ್ದ ಸಾಮಾನು ಕೋಣೆ ಖಾಲಿ ಇತ್ತು. ಲವೆಲ್ ಅದರ ಮೂರು ಗೋಡೆಗೆ ಹಳೆಯ ಕೌದಿಗಳನ್ನು ನೇತುಹಾಕಿದ. ಒಂದು ಕೀಬೋರ್ಡು, ಡ್ರಮ್ ಬಾರಿಸುವ ಒಂದು ಯಂತ್ರ, ಒಂದು ಮೈಕು. ಹಾಡು ಬರೆಯುವವನು ಅವನೇ, ಬಾರಿಸುವವನು ಅವನೇ, ಧ್ವನಿಮುದ್ರಿಸುವವನೂ ಅವನೇ. ಬೇರೆಯವರು ಹಾಡುವ ಹಾಡಾದರೂ ಮೊದಲು ತಾನು ಹಾಡಿ ದಾರಿ ತೋರಿಸುತ್ತಿದ್ದ. ಮದುವೆಗೆ ಮದುಮಗನೂ ತಾನೇ, ಪಾದ್ರಿಯೂ ತಾನೇ, ಬ್ಯಾಂಡೂ ತಾನೇ. ನಾಲ್ಕನೆಯ ಗೋಡೆಗೆ ಮಾತ್ರ ಕೌದಿ ಇರಲಿಲ್ಲ. ಅದು ತೆಳುವಾದ ಹಲಗೆ. ಈಚೆ ನನ್ನ ಡ್ರೈಯರುಗಳು.

ನಮ್ಮ ಮಾತು ಆಚೆ ಕೇಳುತ್ತದೆಂದು ನನಗೆ ಗೊತ್ತಾಗಿದ್ದು ರೇಡಿಯೊದಿಂದ. ಗಂಡನ ಟ್ರಕ್ಕು ಬೇರೊಬ್ಬಳ ಮನೆ ಮುಂದೆ ನಿಂತಿದ್ದನ್ನು ನೋಡಿ, ಅದರ ಕೀಲಿಯನ್ನು ಕೆರೆಗೆ ಎಸೆದವಳ ಹಾಡೊಂದು ಬಂತು. ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟು ನೇರ ಹಿಂದಕ್ಕೆ ಹೋದೆ.

"ಲವೆಲ್, ಇದು ಕ್ಲೋಟೀಲ್ ಟಬ್ಸ್ ಮಾತಲ್ವೇನೋ?"

"ಯಾರ್ ಮಾತೋ ನಂಗೇನ್ ಗೊತ್ತು ಮಿಸ್ ಅರ್ಲೀನ್? ಗೋಡೆ ಹೇಳ್ತು, ನಾನ್ ಬರ್ಕೊಂಡೆ."

"ಓಹೋ, ಗೋಡೆಗೆ ಕಿವಿ ಇರೋದ್ ಕೇಳಿದ್ದೆ. ಈಗ ನಾಲಿಗೇನೂ ಬಂತಾ?"

"ಅಮ್ಮನಾಣೆ, ಹೆಸರು ಕೇಳಲ್ಲ. ನೀವೂ ಹೇಳ್ಬೇಡಿ. ಮಾತು ಮಾತ್ರ ತಗೋತೀನಿ, ಹೆಸರು ಅಲ್ಲೇ ಇರ್ಲಿ."

ಬೈದು ಬಂದೆ. ಗೋಡೆಗೆ ಕೌದಿ ಹೊಡೆಸುವವಳಿದ್ದೆ. ಆದರೆ ಮಾರನೆಯ ದಿನ ಕ್ಲೋಟೀಲ್ ಬಂದಳು, ಮುಖ ಇಷ್ಟಗಲ. "ಮಿಸ್ ಅರ್ಲೀನ್, ರೇಡಿಯೊ ಕೇಳಿದ್ರಾ? ನಂದೇ ಅದು! ನಮ್ಮನೆಯವ್ನು ಊಟ ಬಿಟ್ಟು ಕೂತಿದಾನೆ!" ಅಂದು ಕುಣಿದಾಡಿದಳು. ಅಂದಿನಿಂದ ಗೋಡೆ ಪಕ್ಕದ ಡ್ರೈಯರಿಗೆ ಸರದಿ ಹತ್ತಿತು. ಬೇಕೆಂದೇ ಗೋಡೆ ಕಡೆ ಮುಖ ಮಾಡಿ ಕೂಗುವವರೂ ಇದ್ದರು. ಅಂಥವರ ಮಾತನ್ನು ಲವೆಲ್ ಒಂದು ಸಲವೂ ಬಳಸಲಿಲ್ಲ. ನಟನೆ ಅವನಿಗೆ ತಕ್ಷಣ ತಿಳಿಯುತ್ತಿತ್ತು.

ಮೈದಾನದಲ್ಲಿ ನಡೆಸುವ ಹಾಡಿನ ಸಭೆಗಳಲ್ಲಿ ಅವನದೊಂದು ಪದ್ಧತಿ ಬೆಳೆಯಿತು. ನಮ್ಮ ಚರ್ಚಿನಲ್ಲಿ ಬುಧವಾರ ಸಂಜೆ ಸಾಕ್ಷಿ ಹೇಳುವುದುಂಟು. ಯಾರ ಎದೆ ತುಂಬಿದೆಯೋ ಅವರು ಎದ್ದು ನಿಂತು, ದೇವರು ತಮಗೇನು ಮಾಡಿದ ಎಂದು ಹೇಳುತ್ತಾರೆ. ಎದ್ದವರನ್ನು ಕೂತುಕೋ ಅನ್ನಬಾರದು, ಪಾದ್ರಿಯೂ ಅನ್ನುವುದಿಲ್ಲ. ತಾವಾಗಿ ಕೂರುವವರೆಗೂ ಆ ನೆಲ ಅವರದು. ಲವೆಲ್ ಅದನ್ನೇ ಮೈದಾನಕ್ಕೆ ತಂದ. ಹಾಡಿನ ನಡುವೆ ವಾದ್ಯ ತಗ್ಗಿಸಿ ಕೇಳುತ್ತಿದ್ದ: "ಇದು ಯಾರ ಹಾಡು? ಎದ್ದು ನಿಲ್ಲಿ!" ಹೆಂಗಸರು ಬೀಸಣಿಗೆ ಹಿಡಿದು ಒಬ್ಬೊಬ್ಬರಾಗಿ ಏಳುತ್ತಿದ್ದರು. ಗಂಡಂದಿರು ಟೋಪಿಯನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದರು. ನಗು, ಶಿಳ್ಳೆ, ಅಳು ಎಲ್ಲ ಒಟ್ಟಿಗೆ.

ಅಲಬಾಮಾದಿಂದ, ಲೂಯಿಸಿಯಾನಾದಿಂದ ಹಾಡುವವರು ನಮ್ಮ ಹಿತ್ತಲಿಗೆ ಬರತೊಡಗಿದರು. ಅವನು ಅವರಿಗೆ ಹೇಳುತ್ತಿದ್ದುದು ಒಂದೇ: "ಅವಸರ ಮಾಡ್ಬೇಡ. ತಾಳ ಮುಂದೆ ಹೋಗ್ಲಿ, ನೀನು ಹಿಂದಿಂದ ಕಾಲೆಳ್ಕೊಂಡು ಬಾ. ದುಡಿದು ಮನೆಗ್ ಬರೋರು ಹೇಗ್ ನಡೀತಾರೆ, ಹಾಗೆ." ಆ ನಡಿಗೆ ಈಗ ಎಲ್ಲ ಕಡೆ ಇದೆ. ಕುದುರೆ ಏರಿ ಬೂಟು ಹಾಕಿಕೊಂಡು ಮೆರವಣಿಗೆ ಹೋಗುವ ಹುಡುಗ ಹುಡುಗಿಯರು ಭಾನುವಾರ ಕುಣಿಯುವುದು ಅದಕ್ಕೇ. ಆ ತಾಳ ಯಾರದೆಂದು ಕೇಳಿದರೆ ಕಣ್ಣು ಬಿಡುತ್ತಾರೆ.

ಅವನ ಹೆಂಡತಿ ಒಸಿಯೋಲಾ. ಶಾಲೆಯ ಮಕ್ಕಳಿಗೆ ಅಡುಗೆ ಮಾಡುವ ಕೆಲಸ. ಚರ್ಚಿನಲ್ಲಿ ಬಾಗಿಲ ಸೇವೆ: ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು, ಬಂದವರಿಗೆ ಜಾಗ ತೋರಿಸುವುದು. ಆ ಸೇವೆಯವರು ಮಾತಾಡುವುದಿಲ್ಲ, ಹಾಡುವುದಿಲ್ಲ, ಎಲ್ಲವೂ ಕೈಸನ್ನೆ. ಅವಳು ಹೊರಗೂ ಹಾಗೇ ಇದ್ದಳು. ಉಪ್ಪು ಕೊಡು ಅನ್ನುವುದನ್ನೂ ಪಿಸುಮಾತಿನಲ್ಲೇ ಹೇಳುತ್ತಿದ್ದಳು. ನನ್ನಲ್ಲಿಗೆ ಗುರುವಾರ ಮೂರಕ್ಕೆ ಬಂದು, ಡ್ರೈಯರ್ ಕೆಳಗೆ ಪತ್ರಿಕೆ ಹಿಡಿದು ಕೂತು, ಒಂದು ಸೊಲ್ಲೂ ಎತ್ತದೆ ಹೋಗುತ್ತಿದ್ದಳು. ಗುರುವಾರ ಮೂರಕ್ಕೆ ಹೆಂಡತಿ ಈಚೆ ಇರುತ್ತಾಳೆಂದು ಲವೆಲ್‌ಗೂ ಗೊತ್ತಿತ್ತು.

ತೊಂಬತ್ತಮೂರರ ಮಾರ್ಚಿನಲ್ಲಿ ಬಾಗಿಲ ಸೇವೆಯ ಹಿರಿಯಳೊಬ್ಬಳು ತೀರಿಕೊಂಡಳು. ಬುಧವಾರ ಮಣ್ಣು. ಹಾಗಾಗಿ ಒಸಿಯೋಲಾ ಆ ವಾರ ಮಂಗಳವಾರವೇ ಬಂದಳು. ನಾವಿಬ್ಬರೇ ಇದ್ದೆವು. ಹೊರಗೆ ಮಂಜು ಇನ್ನೂ ಕರಗಿರಲಿಲ್ಲ, ಎದುರಿನ ಅಂಗಡಿಯೂ ಕಾಣುತ್ತಿರಲಿಲ್ಲ. ಡ್ರೈಯರ್ ಇಳಿಸಿ, ಗುಂಡಿ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. ನಾನು ಬೆಚ್ಚಿಬಿದ್ದೆ. ಅಷ್ಟು ದೊಡ್ಡ ದನಿ ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ.

"ಒಂಬತ್ತು ವರ್ಷದಿಂದ ಎರಡು ತಟ್ಟೆ ಬಡಿಸ್ತಿದೀನಿ. ಒಂದು ನಂಗೆ. ಇನ್ನೊಂದು ಮುಚ್ಚಿ ಓವನ್ನಲ್ಲಿ ಇಡ್ತೀನಿ. ಆರಿ ತಣ್ಣಗಾದ್ಮೇಲೆ ಬರ್ತಾನೆ. ನಿಂತ್ಕೊಂಡೇ ತಿಂತಾನೆ. ಬೇರೆ ಹೆಂಗ್ಸಿದ್ದಿದ್ರೆ ಹೋಗಿ ಜುಟ್ಟು ಹಿಡಿದು ಎಳ್ಕೊಂಡ್ ಬರ್ತಿದ್ದೆ. ಯಾರೂ ಇಲ್ಲ. ನಾನಿದೀನಿ ಅನ್ನೋದೇ ಮರ್ತುಹೋಗಿದೆ ಅವ್ನಿಗೆ."

ಆಮೇಲೆ ಗುನುಗತೊಡಗಿದಳು. ಚರ್ಚಿನ ರಾಗವಲ್ಲ, ರೇಡಿಯೊದ್ದಲ್ಲ, ಅವಳದೇ. ಗೋಡೆಯಾಚೆ ಡ್ರಮ್ ಯಂತ್ರ ನಿಂತುಹೋಯಿತು. ಲವೆಲ್ ಕೇಳುತ್ತಿದ್ದಾನೆಂದು ನನಗೆ ಗೊತ್ತಾಯಿತು. ಡ್ರೈಯರ್ ಆರಿಸಬಹುದಿತ್ತು, ಆರಿಸಲಿಲ್ಲ. ಕೇಳಲಿ, ಕೇಳಿ ಓಡಿ ಬರಲಿ ಎಂದು ಬಾಗಿಲನ್ನೇ ನೋಡುತ್ತ ನಿಂತೆ. ಮಂಜು ಕರಗಿತು, ಅಂಗಡಿ ಕಂಡಿತು, ಯಾರೂ ಬರಲಿಲ್ಲ.

ಮಾರನೆಯ ದಿನ ಹಿಂದಿನ ಮೆಟ್ಟಿಲ ಮೇಲೆ ಸಿಕ್ಕ. ಕಣ್ಣು ಕನಸಿನಲ್ಲಿದ್ದವನ ಹಾಗೆ.

"ಮಿಸ್ ಅರ್ಲೀನ್, ಹೆಸರು ಬೇಡ, ಕೊಟ್ಟ ಮಾತು ಕೊಟ್ಟ ಮಾತೇ. ಆದ್ರೆ ಅಂಥಾ ದನಿ ನಾನು ಹುಟ್ಟಿದಾಗಿಂದ ಕೇಳಿಲ್ಲ. ಆ ಯಮ್ಮನ ಗಂಡ ಎಂಥಾ ಕತ್ತೆ ಇರ್ಬೇಕು!"

"ದೊಡ್ಡ ಕತ್ತೆ ಕಣೋ," ಅಂದೆ. "ಅಷ್ಟುದ್ದ ಕಿವಿ ಇಟ್ಕೊಂಡೂ ಕೇಳಿಸದ ಕತ್ತೆ."

ಅವನು ಹೊಟ್ಟೆ ಹಿಡಿದು ನಕ್ಕ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಊರಿನ ಅಷ್ಟೂ ಹೆಂಗಸರ ಸಂಕಟಕ್ಕೆ ಕಿವಿಗೊಟ್ಟವನು ತನ್ನ ಮನೆಯ ದನಿ ಏರಿದರೆ ಹೇಗಿರುತ್ತದೆಂದು ಅರಿಯದೆ ಹೋಗಿದ್ದ. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ಏಪ್ರಿಲ್ ಕೊನೆಗೆ 'ಎರಡನೇ ತಟ್ಟೆ' ಹೊರಬಂತು. ಹಾಡಿದವಳು ಸೆಲ್ಮಾ ಊರಿನ ವೆಲ್ಮಾ ರೇ ಗ್ರೇಸನ್. ಅವಳ ಹೆಸರು ಎದ್ದದ್ದೇ ಅದರಿಂದ. 'ಬಿಸಿಯಿರುವಾಗ ಬಾರದವನೇ, ಆರಿದ ಮೇಲೆ ಯಾಕೆ ಬಂದೆ' ಎಂದು ಅವಳು ರಾಗ ಎಳೆದರೆ ಟ್ರಕ್ಕಿನವರೂ ಗಾಡಿ ಪಕ್ಕಕ್ಕೆ ಹಾಕುತ್ತಿದ್ದರಂತೆ. ಲವೆಲ್ ಒಂದನ್ನು ಬದಲಿಸಿದ್ದ: ಗಂಡನಿಗೆ ಬೇರೊಬ್ಬಳನ್ನು ಕಟ್ಟಿದ್ದ. ಬೇರೊಬ್ಬಳಿಲ್ಲದ ಹಾಡನ್ನು ರೇಡಿಯೊದವರು ಹಾಕುವುದಿಲ್ಲ ಅನ್ನುವುದು ಅವನ ನಂಬಿಕೆ.

ಮುಂದಿನ ಗುರುವಾರ ಒಸಿಯೋಲಾ ಬಂದಳು. ಕೂರಲಿಲ್ಲ.

"ನೀವ್ ಹೇಳಿದ್ರಾ?" ಪಿಸುಮಾತು.

"ಇಲ್ಲ ಕಣೇ. ಗೋಡೆಯಿಂದ ಕೇಳ್ಕೊಂಡ."

"ನನ್ ದನಿ ಅಂತ ಗೊತ್ತಾಯ್ತಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಕನ್ನಡಿಯಲ್ಲಿ ತನ್ನನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಹೇಳಿದ್ದನ್ನು ನಾನು ಮರೆಯುವ ಹಾಗಿಲ್ಲ.

"ಹಾಗಾದ್ರೆ ನೀವು ಹೇಳ್ಕೂಡ್ದು. ಸೆಪ್ಟೆಂಬರಿನಲ್ಲಿ ಊರವರೆಲ್ಲ ಸೇರೋ ಭಾನುವಾರದ ತನಕ ಕಾಯ್ತೀನಿ. 'ಓಸೀ, ಅದು ನೀನೇ ಅಲ್ವಾ' ಅಂತ ಒಂದ್ಸಲ ಅಂದ್ರೆ ಸಾಕು, ಸಾಯೋವರ್ಗೂ ಇಲ್ಲೇ ಇರ್ತೀನಿ. ಅನ್ಲಿಲ್ಲ ಅಂದ್ರೆ ಮಿಲ್ವಾಕಿಗೆ, ಅಕ್ಕನ ಮನೆಗೆ. ಮಿಸ್ ಅರ್ಲೀನ್, ನೀವ್ ಹೇಳಿದ್ರಿ ಅಂತ ಅವ್ನು ಬಂದ್ರೆ ಅದು ನಂಗೆ ಬೇಡ."

ಆ ಬೇಸಿಗೆಯ ಪ್ರತಿ ದಿನ ಆ ಹಾಡು ಕೇಳಿಸುತ್ತಿತ್ತು. ತೆರೆದ ಕಿಟಕಿಗಳಿಂದ, ನಿಧಾನವಾಗಿ ಹಾದುಹೋಗುವ ಕಾರುಗಳಿಂದ, ಮೀನು ಕರಿಯುವವರ ಅಂಗಳದಿಂದ. ಒಂದು ಮನೆಯಲ್ಲಿ ಮುಗಿಯುವ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಶುರುವಾಗಿರುತ್ತಿತ್ತು. ಬಿಸಿಲಲ್ಲಿ ಊರೆಲ್ಲ ತೂಕಡಿಸುತ್ತ ಒಸಿಯೋಲಾಳ ರಾಗವನ್ನೇ ಗುನುಗುತ್ತಿತ್ತು. ಅವಳು ಮಾತ್ರ ಗುನುಗುವುದನ್ನು ನಿಲ್ಲಿಸಿದ್ದಳು.

ನಾನು ಸುಮ್ಮನಿರಲಿಲ್ಲ. ಹೇಳಬಾರದೆಂದರೆ ಸುಳಿವು ಕೊಡಬಾರದೆಂದೇನೂ ಇಲ್ಲವಲ್ಲ. "ಲವೆಲ್, ಇವತ್ತು ಬೇಗ ಮನೆಗ್ ಹೋಗಿ ಅಡುಗೆಮನೇಲಿ ಕೂತ್ಕೋ," ಅಂದರೆ, "ಮೆಂಫಿಸಿನವ್ರು ಬರ್ತಾರೆ" ಅನ್ನುತ್ತಿದ್ದ. "ಒಸಿಯೋಲಾ ಸೊರಗಿದಾಳೆ ಕಣೋ," ಅಂದರೆ, "ಬಿಸಿಲು ಮಿಸ್ ಅರ್ಲೀನ್, ಯಾರ್ ಸೊರಗಿಲ್ಲ ಹೇಳಿ." ಒಂದು ದಿನ ರೇಗಿ, "ಆ ದನಿ ಯಾರ್ದು ಅಂತ ಒಂದ್ಸಲಾನೂ ಯೋಚ್ನೆ ಮಾಡ್ಲಿಲ್ವಾ?" ಎಂದು ಕೇಳಿಯೇ ಬಿಟ್ಟೆ. ಅವನು ಗಂಭೀರನಾದ. "ಹೆಸರು ಕೇಳಲ್ಲ ಅಂತ ಅಮ್ಮನ ಆಣೆ ಇಟ್ಟಿದೀನಿ. ಯೋಚ್ನೆ ಮಾಡೋದೂ ಕೇಳ್ದಂಗೇ." ಮುಠ್ಠಾಳನ ಪ್ರಾಮಾಣಿಕತೆಗಿಂತ ಕಳ್ಳನ ಸುಳ್ಳೇ ಮೇಲು ಅನ್ನಿಸಿತು ನನಗೆ.

ಸೆಪ್ಟೆಂಬರಿನ ಮೊದಲ ಭಾನುವಾರ. ಶಿಕಾಗೊ, ಡೆಟ್ರಾಯಿಟ್ ಸೇರಿದವರೆಲ್ಲ ಊರಿಗೆ ಬಂದಿದ್ದರು. ಪ್ರಾರ್ಥನೆ ಮುಗಿಸಿ ಎಲ್ಲರೂ ಮೈದಾನಕ್ಕೆ. ಬಣ್ಣಬಣ್ಣದ ಚಪ್ಪರ, ಮಡಿಸುವ ಕುರ್ಚಿ. ಮಾಂಸ ಸುಡುವ ಹೊಗೆ ತಗ್ಗಿನಲ್ಲೇ ತೂಗುತ್ತಿತ್ತು. ಅದರ ನಡುವೆ ಮುಖಗಳು ಬಂದು ಹೋಗುತ್ತಿದ್ದವು. ಸತ್ತವರ ಮುಖಗಳೂ ಮೊಮ್ಮಕ್ಕಳ ಮೇಲೆ ಕೂತು ಬಂದಿದ್ದವು. ಒಸಿಯೋಲಾ ನನ್ನ ಪಕ್ಕ ನೀಲಿ ಅಂಗಿಯಲ್ಲಿ, ಮಡಿಲಲ್ಲಿ ಕರಿದ ಮೀನಿನ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಒಂದು ತುಂಡೂ ಮುಟ್ಟಿರಲಿಲ್ಲ.

ವೆಲ್ಮಾ ರೇ ಅರ್ಧ ಹಾಡಿದಾಗ ಲವೆಲ್ ಕೀಬೋರ್ಡ್ ತಗ್ಗಿಸಿ ಮೈಕು ಎತ್ತಿಕೊಂಡ.

"ಇದು ಯಾರ ಹಾಡು? ಎದ್ದು ನಿಲ್ಲಿ!"

ಒಂಬತ್ತು ಹೆಂಗಸರು ಎದ್ದರು. ಎಲ್ಲರೂ ಅದು ತಮ್ಮದೇ ಎಂದು ನಂಬಿದ್ದರು, ಸುಳ್ಳೇನಲ್ಲ. ಆಗ ಒಸಿಯೋಲಾ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಅಂಗಿಯ ನೆರಿಗೆ ಸರಿಮಾಡಿಕೊಂಡಳು. ಎದ್ದು ನಿಂತಳು.

ಲವೆಲ್ ಅವಳನ್ನು ನೋಡಿದ. ಅವನ ಮುಖ ಅರಳಿತು. ದೇವರೇ, ತಿಳಿಯಿತು ಇವನಿಗೆ ಅಂದುಕೊಂಡೆ.

"ಅಯ್ಯೋ ಓಸೀ!" ಎಂದ ಮೈಕಿನಲ್ಲಿ, ನಗುತ್ತ. "ನೀನ್ಯಾಕ್ ಎದ್ದೆ? ನಿನ್ ಗಂಡ ಇಲ್ಲೇ ಇದಾನಲ್ಲ! ಕೂತ್ಕೋ ಬೇಬಿ, ಕೂತ್ಕೋ!"

ಮೈದಾನವೆಲ್ಲ ನಕ್ಕಿತು. ತಮಾಷೆಗೆ ಎದ್ದಳೆಂದೇ ಎಲ್ಲರೂ ತಿಳಿದರು. ಆದರೆ ಸಾಕ್ಷಿಗೆ ಎದ್ದವಳನ್ನು ಕೂತುಕೋ ಅಂದುಬಿಟ್ಟಿದ್ದ, ಅದೂ ಗಂಡ, ಅದೂ ಊರೆಲ್ಲರ ಮುಂದೆ. ಬುಧವಾರದ ಸಾಕ್ಷಿಗೆ ಬರುವ ಹಳೇ ಹೆಂಗಸರಿಬ್ಬರು ನಗಲಿಲ್ಲ. ನನ್ನ ಕಡೆ ತಿರುಗಿ ನೋಡಿದರು. ಒಸಿಯೋಲಾ ಕೂತಳು. ತಟ್ಟೆ ವಾಪಸು ತೆಗೆದುಕೊಂಡಳು.

ಬುಧವಾರ ನಾನೇ ಅವಳನ್ನು ಗ್ರೀನ್‌ವುಡ್ ಬಸ್ ಸ್ಟೇಷನ್ನಿಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಹತ್ತಿ ಬಿರಿದು ನಿಂತಿತ್ತು. ಬಸ್ಸು ಹತ್ತುವ ಮುಂಚೆ ಅವಳು ನನ್ನ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ನನ್ನ ತಲೆಯನ್ನು ಬೇರೆಯವರು ಮುಟ್ಟಿದ್ದು ಅದೇ ಎಷ್ಟೋ ವರ್ಷಕ್ಕೆ.

ಗುರುವಾರ ಮೂರಕ್ಕೆ ಲವೆಲ್ ಪಾರ್ಲರಿನ ಮುಂಬಾಗಿಲಲ್ಲಿ ನಿಂತಿದ್ದ. ಗಂಡಸರು ಆ ಬಾಗಿಲು ತುಳಿಯುವುದಿಲ್ಲ.

"ಓಸೀ ಇಲ್ಲಿದಾಳಾ? ನಿನ್ನೆಯಿಂದ ಮನೇಲಿಲ್ಲ."

"ಕೂತ್ಕೋ," ಅಂದೆ. "ಒಂದ್ ಮಾತು ಕೇಳ್ತೀನಿ, ಹೇಳು. ನಿನ್ ಹೆಂಡ್ತಿ ಜೋರಾಗಿ ಮಾತಾಡಿದ್ರೆ ದನಿ ಹೇಗಿರುತ್ತೆ?"

ಅವನ ಕಣ್ಣು ಮೆಲ್ಲಗೆ ಹಲಗೆಯ ಗೋಡೆಗೆ ಹೋಯಿತು, ಅಲ್ಲಿಂದ ಅದರ ಪಕ್ಕದ ಡ್ರೈಯರಿಗೆ. ನಾನು ಯಾವ ಹೆಸರನ್ನೂ ಹೇಳಲಿಲ್ಲ. ಅವನು ಎದ್ದು ಹೋಗಿ ಆ ಡ್ರೈಯರ್ ಕೆಳಗೆ ಕೂತ. "ಹಾಕಿ ಮಿಸ್ ಅರ್ಲೀನ್," ಅಂದ. ಹಾಕಿದೆ. ಮೆಲ್ಲಗೆ ಅಳುತ್ತಿದ್ದೇನೆ ಅಂದುಕೊಂಡಿದ್ದನೇನೋ. ಅಂಚೆಯವನು ರಸ್ತೆಯಲ್ಲಿ ನಿಂತು ಕಿಟಕಿ ಕಡೆ ನೋಡಿದ.

ಆಮೇಲೆ ನಾಲ್ಕನೆಯ ಗೋಡೆಗೂ ತಾನೇ ಕೌದಿ ಹೊಡೆದ, ಎರಡು ಪದರ. ಹಾಡಲು ಬಂದವರಿಗೆ ತಾಳ ಕೊಟ್ಟ, ರಾಗ ತಿದ್ದಿದ. ಮಾತು ಮಾತ್ರ ಅವರೇ ತರಬೇಕಿತ್ತು. ದಿನಾ ಸಂಜೆ ನಾಲ್ಕಕ್ಕೆ ನನ್ನ ಪಾರ್ಲರಿನ ಫೋನಿನಿಂದ ಮಿಲ್ವಾಕಿಗೆ ಮಾಡುತ್ತಿದ್ದ. ಮೊದಲ ತಿಂಗಳೆಲ್ಲ ಅವಳ ಅಕ್ಕ ಎತ್ತಿ, "ಮಾತಾಡಲ್ವಂತೆ" ಅಂದು ಇಡುತ್ತಿದ್ದಳು. ಒಂದು ದಿನ ಲವೆಲ್ ಅಂದ: "ಮಾತಾಡೋದ್ ಬೇಡಕ್ಕಾ. ಫೋನನ್ನ ಒಲೆ ಪಕ್ಕ ಕಟ್ಟೆ ಮೇಲೆ ಇಡೋಕ್ ಹೇಳಿ. ಅಷ್ಟೇ."

ಅಂದಿನಿಂದ ಅವಳು ಇಡತೊಡಗಿದಳು. ಅವನು ನನ್ನ ಕಿಟಕಿ ಪಕ್ಕ ಕುರ್ಚಿ ಎಳೆದುಕೊಂಡು, ರಿಸೀವರ್ ಕಿವಿಗೊತ್ತಿ, ಕಣ್ಣು ಮುಚ್ಚಿ ಅರ್ಧ ಗಂಟೆ ಕೂರುತ್ತಿದ್ದ. ನಲ್ಲಿ, ಮುಚ್ಚಳ, ಚಾಕು, ಚಪ್ಪಲಿಯ ಸದ್ದು. ಡ್ರೈಯರುಗಳ ಕೆಳಗೆ ಹೆಂಗಸರು ತಾವಾಗಿ ಸುಮ್ಮನಾಗುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಹೊಸ ಹಾಡುಗಾರನೊಬ್ಬ ಕುತೂಹಲಕ್ಕೆ ಕಿವಿಯಿಟ್ಟು ಕೇಳಿ, "ಇದರ ಕೆಳಗೆ ಒಂದು ತಾಳ ಹಾಕಿ ಮಿಸ್ಟರ್ ಕ್ವಾರ್ಲ್ಸ್, ದೊಡ್ಡ ಹಾಡಾಗುತ್ತೆ" ಅಂದ. "ಇದು ಹಾಡಲ್ಲಪ್ಪ," ಅಂದ ಲವೆಲ್, ರಿಸೀವರ್ ವಾಪಸು ಕಿತ್ತುಕೊಂಡು.

ಎರಡನೆಯ ವರ್ಷದ ಫೆಬ್ರವರಿ. ಹೊರಗೆ ಸಣ್ಣಗೆ ಮಳೆ. ನಾನು ಪಕ್ಕದಲ್ಲೇ ಬಾಚಣಿಗೆಗಳನ್ನು ತೊಳೆಯುತ್ತಿದ್ದೆ. ರಿಸೀವರಿನಿಂದ ಒಮ್ಮೆಲೇ ದನಿ ಬಂತು, ನನಗೂ ಕೇಳುವಷ್ಟು ಜೋರಾಗಿ, ಯಾವ ಡ್ರೈಯರೂ ಇಲ್ಲದೆ.

"ಲವೆಲ್, ಒಲೆ ಮೇಲೆ ಏನಿದೆ ಹೇಳು."

ಕಾರಿನ ಬಾಗಿಲ ಸದ್ದಿಗೇ ಬಂದವರನ್ನು ಗುರುತಿಸುತ್ತಿದ್ದವನು ಉಸಿರು ಹಿಡಿದು ಕೇಳಿದ. ಪರೀಕ್ಷೆಗೆ ಕೂತ ಮಗುವಿನ ಹಾಗೆ ಹಣೆ ಬೆವರಿತ್ತು.

"ಬೀನ್ಸ್... ಬಟರ್ ಬೀನ್ಸ್ ಬೇಯ್ತಿದೆ."

ನಾನು ನಲ್ಲಿ ನಿಲ್ಲಿಸಿದೆ.

"ತಪ್ಪು," ಅಂದಳು ಒಸಿಯೋಲಾ. "ನಾಳೆ ಮತ್ತೆ ಫೋನ್ ಮಾಡು."